ಮಗಳನ್ನು ಎತ್ತಿಕೊಳ್ಳದ ಕಂಡಕ್ಟರ್

ಶಿರಗುಪ್ಪಿಯ ರಾಜಾರಾಮ ಅಥಣಿ ಡಿಪೋದಲ್ಲಿ ಕಂಡಕ್ಟರ್. ಅವನ ಬಸ್ಸಿಗೆ ದಿನಾ ಹತ್ತುವವರಿಗೆಲ್ಲ ಬೇಕಾದವನು. ಯಾರದೋ ಕೂಸು ಅತ್ತರೆ ಟಿಕೆಟ್ ಕೊಡುವುದನ್ನು ಬಿಟ್ಟು ಚಿಟಿಕೆ ಹೊಡೆದು ನಗಿಸುತ್ತಿದ್ದ. ತನ್ನ ಮನೆಯ ಕೂಸನ್ನು ಮಾತ್ರ ಅವನು ಹನ್ನೆರಡು ವರ್ಷ ಮುಟ್ಟಲಿಲ್ಲ.

ಮೊದಲು ಹಾಗಿರಲಿಲ್ಲ. ೨೦೦೩ರಲ್ಲಿ ಕಾಂಚನ ಹುಟ್ಟಿದಾಗ, ಡ್ಯೂಟಿ ಮುಗಿಸಿ ಬಂದವನು ಖಾಕಿ ಅಂಗಿ ಬಿಚ್ಚುವ ಮೊದಲೇ ಅವಳನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಕೂಸಿನ ತುಟಿ ಯಾಕೋ ಕಪ್ಪಗೆ ಕಾಣುತ್ತದೆ ಎಂದು ಹೆಂಡತಿ ಸುಗಂಧಾ ಅಂದಾಗ "ನಮ್ಮವ್ವನ ಬಣ್ಣ ಬಂದೈತಿ" ಎಂದು ನಕ್ಕಿದ್ದ. ಒಂದೂವರೆ ವರ್ಷದವಳಿದ್ದಾಗ, ಒಂದು ಮುಂಜಾನೆ, ಅವನ ಹೆಗಲ ಮೇಲೆಯೇ ಕೂಸು ಚೀರಿ ಚೀರಿ ಉಸಿರು ಎಳೆಯತೊಡಗಿತು. ನೋಡನೋಡುತ್ತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಕುತ್ತಿಗೆ ಚೆಲ್ಲಿತು. ಮಿರಜದ ದವಾಖಾನೆ ಮುಟ್ಟುವ ತನಕ ಜೀಪಿನಲ್ಲಿ ಅದು ಅವನ ತೋಳಲ್ಲೇ ಇತ್ತು. ಹೆಣ ಹಿಡಿದು ಕೂತಿದ್ದೇನೆಂದೇ ಅವನು ತಿಳಿದಿದ್ದ.

ಕೂಸು ಉಳಿಯಿತು. ಆದರೆ ಹೃದಯದಲ್ಲಿ ತೂತಿದೆ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಇಕ್ಕಟ್ಟಾಗಿದೆ, ತೂಕ ಬಂದ ಮೇಲೆ ಆಪರೇಷನ್ ಮಾಡಲೇಬೇಕು, ಅಲ್ಲಿಯವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಮನೆಗೆ ಬಂದಾಗ ತಾಯಿ ಸತ್ತೆವ್ವ ಕೇಳಿದಳು: "ನಿನ್ನ ಕೈಯಾಗ ಹಿಂಗ ಆತೇನೋ?" ಅವಳು ಬೈದು ಕೇಳಿದ್ದಲ್ಲ. ಅವನೊಳಗೆ ಮಾತ್ರ ಆ ಮಾತು ಬೈಗುಳವಾಗಿಯೇ ಉಳಿದುಬಿಟ್ಟಿತು.

ಮರುವಾರ ಅವನು ಡಿಪೋದಲ್ಲಿ ಅರ್ಜಿ ಕೊಟ್ಟು ತಾಲೂಕಿನ ಹಳ್ಳಿ ಅನಂತಪುರದ ವಸ್ತಿ ಬಸ್ಸು ಕೇಳಿ ಪಡೆದ. ರಾತ್ರಿ ಬಸ್ಸು ಅಲ್ಲೇ ನಿಲ್ಲುತ್ತಿತ್ತು, ಅವನೂ ಅಲ್ಲೇ. ರಜೆಯ ದಿನ ಮನೆಯಲ್ಲಿದ್ದರೂ ಬಾಗಿಲಿಗೆ ಬೆನ್ನು ಮಾಡಿ ಪೇಪರು ಹಿಡಿಯುತ್ತಿದ್ದ. ಕಾಂಚನ ನಾಲ್ಕು ಹೆಜ್ಜೆ ನಡೆದು ದಣಿದು ಕುಕ್ಕರಗಾಲಲ್ಲಿ ಕೂತರೆ, ಎದ್ದು ಹೊರಗೆ ಹೋಗುತ್ತಿದ್ದ. ಹೋಗುವ ಜೀವವನ್ನು ಯಾಕೆ ಹಚ್ಚಿಕೊಳ್ಳಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಇದನ್ನು ಅವನು ಯಾರ ಮುಂದೆಯೂ ಆಡಲಿಲ್ಲ. ಅವನನ್ನು ಯಾರೂ ಕೇಳಲೂ ಇಲ್ಲ. ಬಂದವರೆಲ್ಲ ಕೇಳುತ್ತಿದ್ದದ್ದು ಕೂಸು ಹೇಗಿದೆ ಎಂದು.

೨೦೧೦ರಲ್ಲಿ ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಸುಗಂಧಾಳ ಜೊತೆಗೆ ಹೋದವನು ಅವಳ ತಮ್ಮ ವಿಕ್ರಾಂತ. ರಾಜಾರಾಮ ಆ ದಿನವೂ ಡ್ಯೂಟಿ ಮಾಡಿದ. ಸಂಜೆ ವಿಕ್ರಾಂತ ಫೋನ್ ಮಾಡಿ "ಚೊಲೋ ಆತು ಭಾವಾ, ಕಣ್ಣ ತೆರದಾಳ" ಅಂದಾಗ, ಬಸ್ ಸ್ಟ್ಯಾಂಡಿನ ನಳದ ಕೆಳಗೆ ತಲೆಯಿಟ್ಟು ಬಹಳ ಹೊತ್ತು ನಿಂತ. ಡ್ರೈವರ್ ಪಾರಿಸ ಸೆಕೆಯೆಂದು ತಿಳಿದ.

ಈಗ ಮನೆಗೆ ಹೋಗಬಹುದೆಂದುಕೊಂಡ. ಹೋದ. ಏಳು ವರ್ಷದ ಹುಡುಗಿ ಎದೆಯ ಗಾಯಕ್ಕೆ ಕೈ ಅಡ್ಡ ಹಿಡಿದು ತಾಯಿಯ ಹಿಂದೆ ಸರಿದಳು. ತಾಯಿಗೂ ಮಾಮನಿಗೂ "ನೀ" ಅನ್ನುವವಳು ಅವನಿಗೆ "ಬರ್ರಿ" ಅಂದಳು. ತಿಂಡಿ ತಂದ, ಸೈಕಲ್ ತಂದ. ಸೈಕಲ್ ಕಲಿಸಿದವನು ವಿಕ್ರಾಂತ.

೨೦೧೭ರಲ್ಲಿ ಸುಗಂಧಾಳಿಗೆ ಜ್ವರ ಬಂದು, ವರ್ಷದ ತಪಾಸಣೆಗೆ ಮಗಳನ್ನು ಅವನೇ ಕರೆದೊಯ್ಯಬೇಕಾಯಿತು. ಬಸ್ಸಿನಲ್ಲಿ ಕಾಂಚನ ಕಿಟಕಿಯಾಚೆಯ ಕಬ್ಬು ನೋಡುತ್ತ ಕೂತಳು. ಡಾಕ್ಟರು ಹೊಸಬರು. ಮೊದಲ ಸಲ ಮೈ ನೀಲಿಗಟ್ಟಿದ್ದು ಯಾವಾಗ, ಈಗ ಗುಳಿಗೆ ಯಾವುದು, ಯಾವ ಔಷಧಿ ಒಗ್ಗುವುದಿಲ್ಲ ಎಂದು ಅವನನ್ನೇ ಕೇಳಿದರು. ಮೊದಲನೆಯದು ಅವನಿಗೆ ವಾರ, ಗಳಿಗೆ ಸಮೇತ ಗೊತ್ತಿತ್ತು. ಅದನ್ನು ಹೇಳುವ ಬದಲು ಫೈಲನ್ನು ಡಾಕ್ಟರ ಮುಂದೆ ಸರಿಸಿದ. ಉಳಿದದ್ದು ಗೊತ್ತೇ ಇರಲಿಲ್ಲ.

"ನನ್ನ ಕೇಳ್ರಿ ಡಾಕ್ಟರ್. ಅವ್ರಿಗೆ ಗೊತ್ತಿಲ್ಲ," ಎಂದಳು ಕಾಂಚನ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಡಾಕ್ಟರು ಅವನತ್ತ ನೋಡಿದರು. "ನೀವು ಏನಾಗಬೇಕು ಇವಳಿಗೆ?"

"ಅಪ್ಪ," ಅಂದ ರಾಜಾರಾಮ.

ಮನೆಗೆ ಬಂದು, ಚಾದರ ಹೊದ್ದು ಮಲಗಿದ್ದ ಹೆಂಡತಿಯ ಪಕ್ಕ ಕೂತು, ಅಷ್ಟು ವರ್ಷದ ಮಾತನ್ನು ಹೊರಗೆ ಹಾಕಿದ.

"ನಂಗ ಅಂಜಿಕಿ ಆಗಿತ್ತ ಸುಗಂಧಾ. ನನ್ನ ಕೈಯಾಗ ಮತ್ತ ಹಂಗ ಆದೀತಂತ."



"ನನ್ನ ಕೈಯಾಗ ಹದಿನಾಕ ಸಲ ಆಗೇತ್ರಿ," ಎಂದಳು ಸುಗಂಧಾ. "ನಂಗೂ ಅಂಜಿಕಿ ಇತ್ತು. ಆದ್ರ ನಾ ಎಲ್ಲಿಗೆ ಹೋಗ್ಲಿ?"

ಅವಳು ಗೋಡೆಯ ಕಡೆಗೆ ಹೊರಳಿ ಮಲಗಿದಳು. ಆಚೆ ಕೋಣೆಯಲ್ಲಿ ಕಾಂಚನ ಫೋನಿನಲ್ಲಿ ಮಾಮನಿಗೆ ತಪಾಸಣೆಯ ಸುದ್ದಿ ಹೇಳುತ್ತಿದ್ದಳು. ಎಲ್ಲ ಸರಿಯಾಗಿದೆಯಂತೆ, ಇನ್ನು ಎರಡು ವರ್ಷಕ್ಕೊಮ್ಮೆ ಬಂದರೆ ಸಾಕಂತೆ.