ಎಡೆಗೆ ಇಟ್ಟ ಹಾಡು

ನನ್ನ ಮಗಳಿಗೆ ಇಂಗ್ಲಿಷ್ ಹಾಡಿನ ಹುಚ್ಚು. ಗಿಟಾರ್ ಹಿಡಿದ ಉದ್ದ ಕೂದಲಿನ ಮುದುಕರ ಹಾಡು, ಆ ಮುದುಕರ ಹಾಗೆಯೇ ನುಡಿಸುವ ಈಗಿನ ಹುಡುಗರ ಹಾಡು, ಎರಡೂ ಬೇಕು. ಸಂಬಳ ಬಂದರೆ ಕಪ್ಪು ತಟ್ಟೆಯಂಥ ರೆಕಾರ್ಡು ತರುತ್ತಿದ್ದಳು. "ಈ ಕಿರುಚಾಟದಲ್ಲಿ ಏನೇ ಇದೆ?" ಅಂದರೆ, "ನಿನ್ನ ಸೀರಿಯಲ್‌ನಲ್ಲಿ ಅಳೋರಿಗಿಂತ ವಾಸಿ ಕಣಮ್ಮ" ಅನ್ನುತ್ತಿದ್ದಳು. ಹೋದ ವರ್ಷ ಕಾಯಿಲೆ ಬಂದು ಸತ್ತಳು.

ಈ ಸಲ ಪಿತೃಪಕ್ಷಕ್ಕೆ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅವಳಿಗೆ ಮೊದಲ ಎಡೆ. ಸತ್ತವರಿಗೆ ಇಷ್ಟವಾದದ್ದನ್ನು ಫೋಟೋ ಮುಂದೆ ಬಡಿಸಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವಳಿಗೆ ಊಟದ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಅನ್ನ, ಸಾರು, ವಡೆ ಬಡಿಸಿದ ಮೇಲೆ ನಾನು ರೆಕಾರ್ಡು ಹಾಕಲು ಹೋದೆ.

"ಎಡೆಗೆ ಯಾರಾದ್ರೂ ಹಾಡು ಹಾಕ್ತಾರೇನಮ್ಮಾ?" ಅಂದ ಮಗ.

"ನಿಮ್ಮಪ್ಪಂಗೆ ಬ್ರಾಂದಿ, ಬೀಡಿ ಇಟ್ಟಿಲ್ವೇನೋ? ಸುಮ್ನಿರು."

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಯಾವುದರ ಕವರು ಹೆಚ್ಚು ಸವೆದಿತ್ತೋ ಅದನ್ನು ಹಾಕಿ, ಬಾಗಿಲು ಮುಚ್ಚಿ ಬಂದೆ.

ಜಗಲಿಯ ಮೇಲೆ ಕೂತು ಇಬ್ಬರೂ ಕೇಳಿದೆವು. ಒಂದು ಮಗ್ಗುಲು ಮುಗಿದು, ಮುಳ್ಳು ಕರಕರ ಎನ್ನತೊಡಗಿತು. ಆ ಸದ್ದು ಕೇಳಿದರೆ ಅವಳು ಬಚ್ಚಲಲ್ಲಿದ್ದರೂ ಓಡಿ ಬಂದು ರೆಕಾರ್ಡು ಮಗುಚಿ ಹಾಕುತ್ತಿದ್ದಳು. ಮಗ ಏಳಲು ಹೋದ. ಕೈ ಹಿಡಿದು ಕೂರಿಸಿದೆ.

ಕರಕರ ನಿಲ್ಲಲಿಲ್ಲ. ಅನ್ನ ಆರಿರುತ್ತದೆ ಎಂದು ನಾನೇ ಎದ್ದು ಬಾಗಿಲು ತೆಗೆದೆ.