ಮಧ್ಯಾಹ್ನ ವಾಲುವ ನೆಲ

ಬೀದಿಯವರು ಅವಳನ್ನು ಬೀಗದಕ್ಕ ಎಂದು ಕರೆಯುತ್ತಿದ್ದರು. ಬೀಗ ರಿಪೇರಿ ಮಾಡುವುದು, ಕೀಲಿ ಮಾಡಿಕೊಡುವುದು ಅವಳ ಕಸುಬು. ಅಪ್ಪನಿಂದ ಅರ, ಸುತ್ತಿಗೆಗಳ ಜೊತೆಗೆ ಅನುಮಾನವೂ ಬಂದಿತ್ತು. ಕೀಲಿ ಕಳೆದುಹೋಯಿತು, ಬಂದು ಬಾಗಿಲು ತೆಗೆದುಕೊಡಿ ಎಂದವರ ಹಿಂದೆ ಹೋಗುವಾಗ ಅವಳ ಕಣ್ಣು ಅವರ ಕಾಲಿನ ಮೇಲೆಯೇ. ಸ್ವಂತ ಮನೆಯವನು ಮೆಟ್ಟಿಲನ್ನು ನೋಡದೆ ಹತ್ತುತ್ತಾನೆ. ಬೇರೆಯವನ ಕಾಲು ಮೊದಲ ಮೆಟ್ಟಿಲಲ್ಲೇ ತಡವರಿಸುತ್ತದೆ. ತಡವರಿಸಿದರೆ ಅವಳು ಚೀಲವನ್ನೇ ಬಿಚ್ಚುತ್ತಿರಲಿಲ್ಲ.

ಅಂಥವಳು ಮನೆಯ ನೆಲಮಾಳಿಗೆಯನ್ನು ಭೂಕಂಪದ ಸಂಶೋಧನೆಗೆ ಬಿಟ್ಟುಕೊಟ್ಟಳು ಎಂದರೆ ಬೀದಿಗೆ ನಂಬಿಕೆ ಬರಲಿಲ್ಲ. ಕೇಳಿಕೊಂಡು ಬಂದವಳು ಚಿಕ್ಕ ವಯಸ್ಸಿನ ಒಬ್ಬ ಸಂಶೋಧಕಿ. ಊರಿನ ಅಡಿಯಲ್ಲಿ ನೆಲ ಒಳಗೊಳಗೇ ಬಿಗಿಯುತ್ತಿದೆ, ಬಿಗಿದಂತೆ ಕೂದಲೆಳೆಗಿಂತ ಕಡಿಮೆ ವಾಲುತ್ತದೆ, ಅದನ್ನು ವರ್ಷಗಟ್ಟಲೆ ಅಳೆಯಬೇಕು ಎಂದಳು. ಹೀಗೆ ಹಲವು ಕಡೆ ಅಳೆದರೆ ಎಲ್ಲಿ ಅಪಾಯ ಹೆಚ್ಚು ಎಂದು ಅಂದಾಜು ಮಾಡಲು ಮುಂದೆ ನೆರವಾದೀತು. ಅದಕ್ಕೆ ಬಂಡೆಯ ಮೇಲೆ ಕಟ್ಟಿದ, ಯಾರೂ ಓಡಾಡದ ನೆಲಮಾಳಿಗೆ ಬೇಕು.

"ಯಾವತ್ತು ಅಲ್ಲಾಡುತ್ತೆ ಅಂತ ನಿಮಗೆ ಗೊತ್ತು ಮೇಡಂ. ಹೇಳಲ್ಲ ಅಷ್ಟೆ," ಎಂದಳು ಬೀಗದಕ್ಕ.

"ಗೊತ್ತಿದ್ರೆ ಹೇಳದೆ ಇರ್ತೀನಾ ಅಕ್ಕ? ದಿನ ಯಾರಿಗೂ ಗೊತ್ತಿಲ್ಲ."

ಬೀಗದಕ್ಕ ಹೊರಗೆ ಬಂದು ನೋಡಿದಳು. ಸಂಶೋಧಕಿಯ ಕಾರು ಬಿರುಕು ಬಿಟ್ಟ ಹಳೆಯ ಕಾಂಪೌಂಡ್ ಗೋಡೆಗೆ ಒತ್ತಿಕೊಂಡೇ ನಿಂತಿತ್ತು. ದಿನ ಗೊತ್ತಿದ್ದವಳು ಅಲ್ಲಿ ಕಾರು ನಿಲ್ಲಿಸುವುದಿಲ್ಲ. ಸರಿ ಎಂದಳು. ವಾಲುವುದನ್ನು ಅಳೆದು ಲ್ಯಾಪ್‌ಟಾಪಿಗೆ ಕಳಿಸುವ ಯಂತ್ರವನ್ನು ಸಂಶೋಧಕಿ ಕೆಳಗಿಟ್ಟ ಮೇಲೆ, ನೆಲಮಾಳಿಗೆಗೆ ತಾನೇ ಮಾಡಿದ ಬೀಗ ಜಡಿದು, ಒಂದು ಕೀಲಿ ಸಂಶೋಧಕಿಗೆ ಕೊಟ್ಟು, ಇನ್ನೊಂದನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗಂಡ ಲಾರಿ ಡ್ರೈವರ್. ಮನೆಗೆ ಬಂದರೆ ನೆಂಟನ ಹಾಗೆ. ಮನೆಯಲ್ಲಿ ಇರುತ್ತಿದ್ದದ್ದು ಅವಳು ಮತ್ತು ಅವಳ ಅತ್ತೆ. ಜಾರಿಬಿದ್ದು ಸೊಂಟದ ಮೂಳೆ ಮುರಿದಾಗಿನಿಂದ ಅತ್ತೆ ಒಳಕೋಣೆಯ ಮಂಚ ಹಿಡಿದಿದ್ದರು. ಅದಕ್ಕೆ ಮೊದಲು ಅವರಿದ್ದದ್ದು ದೊಡ್ಡ ಮಗನ ಮನೆಯಲ್ಲಿ, ಲಿಫ್ಟ್ ಇಲ್ಲದ ಮೂರನೆಯ ಮಹಡಿಯಲ್ಲಿ. ನಡೆಯುವಂತಾದ ಮೇಲೆ ವಾಪಸ್ ಕರೆದುಕೊಂಡು ಹೋಗುತ್ತೇನೆ ಎಂದು ಆ ಭಾವ ಹೇಳಿಹೋಗಿದ್ದರು. ಮೂಳೆ ಕೂಡಿಕೊಂಡಿದೆ ಎಂದು ಡಾಕ್ಟರ್ ಹೇಳಿಯೂ ಬಹಳ ದಿನವಾಗಿತ್ತು. ಆದರೂ ಅತ್ತೆ ಬಚ್ಚಲಿಗೆ ಹೋಗಲು ಸೊಸೆಯ ಹೆಗಲೇ ಬೇಕು.

"ಆಗಲ್ಲ ಕಣೆ. ಕಾಲಲ್ಲಿ ಜೀವವೇ ಇಲ್ಲ," ಎನ್ನುವರು.

ಊರಿನವರ ಕಾಲನ್ನೆಲ್ಲ ಅನುಮಾನಿಸುತ್ತಿದ್ದ ಬೀಗದಕ್ಕ ಆ ಎರಡು ಕಾಲುಗಳನ್ನು ಮಾತ್ರ ನಂಬಿದ್ದಳು.

ಒಂದು ಬೆಳಿಗ್ಗೆ ಸಂಶೋಧಕಿ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೇ ಬಂದಳು. ಮುಖ ಎಂದಿನ ಹಾಗಿರಲಿಲ್ಲ.

"ಅಕ್ಕ, ನೆಲಮಾಳಿಗೆಗೆ ಮಧ್ಯಾಹ್ನ ಯಾರು ಹೋಗ್ತಾರೆ?"

"ನೊಣ ಕೂಡ ಹೋಗಲ್ಲ."

ಸಂಶೋಧಕಿ ಪರದೆ ತಿರುಗಿಸಿದಳು. ಉದ್ದಕ್ಕೆ ಸಾಗಿದ ಒಂದು ಗೆರೆ ಪ್ರತಿ ಮಧ್ಯಾಹ್ನ ತಟ್ಟನೆ ಕೆಳಗಿಳಿದು, ಸಂಜೆಯ ಹೊತ್ತಿಗೆ ತಟ್ಟನೆ ಮೇಲೆ ಬರುತ್ತಿತ್ತು.

"ಭೂಮಿ ಹೀಗೆ ಹೊತ್ತು ನೋಡ್ಕೊಂಡು ವಾಲಿ ಎದ್ದುಬಿಡಲ್ಲ. ಇದು ಯಾರದೋ ಭಾರ. ಬಂದು ಕೂತು, ಎದ್ದು ಹೋಗ್ತಾರೆ. ಮೇಲೆ ಮನೆಯಲ್ಲಿ ಆಗ ಯಾರಿರ್ತಾರೆ?"

"ನಮ್ಮತ್ತೆ. ಹಾಸಿಗೆ ಬಿಟ್ಟು ಏಳಲ್ಲ."

"ಹಾಗಾದ್ರೆ ಕೆಳಗೇ. ಕಾರಣ ಗೊತ್ತಾಗದಿದ್ರೆ ಇದನ್ನೆಲ್ಲ ಬಿಸಾಕಿ ಯಂತ್ರ ಬೇರೆ ಕಡೆ ಇಡಬೇಕಾಗುತ್ತೆ ಅಕ್ಕ."

ಬೀಗದಕ್ಕನಿಗೆ ಯಂತ್ರದ ಚಿಂತೆಯಲ್ಲ, ಬೀಗದ್ದು. ತನ್ನ ಬೀಗ ಬೇರೆಯವರ ಕೈಗೆ ತೆರೆಯಿತೆ? ಇನ್ನೊಂದು ಕೀಲಿ ಇರುವುದು ಈ ಹುಡುಗಿಯ ಹತ್ತಿರ. ಕಳ್ಳತನ ತಾನೇ ಮಾಡಿ ತಾನೇ ದೂರು ಹೇಳುವವರನ್ನೂ ಅವಳು ಕಂಡಿದ್ದಳು. ಅಂದು ನೆಲಮಾಳಿಗೆಯ ಕೀಲಿ ತೂತಿಗೆ ತೆಳುವಾಗಿ ಮೇಣ ಮೆತ್ತಿದಳು. ಯಾವ ಕೀಲಿ ಹೊಕ್ಕರೂ ಗುರುತು ಉಳಿಯಬೇಕು.

ಮೇಣ ಹಾಗೇ ಇತ್ತು. ಗೆರೆ ಮಾತ್ರ ಮಧ್ಯಾಹ್ನ ಮತ್ತೆ ಕೆಳಗಿಳಿದಿತ್ತು.

ಊಟ ಬಡಿಸುವಾಗ ಅತ್ತೆಯ ಮುಂದೆ ಗೋಳು ಹೇಳಿಕೊಂಡಳು. "ಮಧ್ಯಾಹ್ನ ಯಾರೋ ಬಂದು ಕೂರ್ತಾರಂತೆ ಅತ್ತೆ. ಆ ಯಂತ್ರ ಒಬ್ಬ ಮನುಷ್ಯನ ಭಾರವನ್ನೂ ಹಿಡಿದುಬಿಡುತ್ತಂತೆ."

ಅತ್ತೆಯ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು. "ಅಯ್ಯೋ, ಕಾಲ ಕೆಟ್ಟುಹೋಯ್ತು," ಎಂದರು.

ಮರುದಿನ ಗೆರೆ ಇಳಿಯಲಿಲ್ಲ. ಅದರ ಮರುದಿನವೂ ಇಲ್ಲ. ಸಂಶೋಧಕಿ ಫೋನಿನಲ್ಲಿ ಹಿಗ್ಗಿನಿಂದ ಹೇಳುತ್ತಿದ್ದರೆ ಬೀಗದಕ್ಕನ ಕೈಯಲ್ಲಿದ್ದ ಅರ ನಿಂತುಹೋಯಿತು. ಯಂತ್ರ ಭಾರ ಹಿಡಿಯುವ ಸಂಗತಿಯನ್ನು ಅವಳು ಹೇಳಿದ್ದು ಒಬ್ಬರಿಗೇ.

ಮಾರನೆಯ ಮಧ್ಯಾಹ್ನ ಊಟ ಬಡಿಸುತ್ತ, "ಯಂತ್ರ ಕೆಟ್ಟಿದೆ ಅತ್ತೆ, ರಿಪೇರಿಗೆ ತಗೊಂಡು ಹೋದ್ರು," ಎಂದಳು. ಎಂದಿನಂತೆ ಅಂಗಡಿಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ಹಿಂಬಾಗಿಲಿಂದ ಒಳಗೆ ಬಂದಳು. ತಾನು ಎಣ್ಣೆ ಬಿಟ್ಟ ಬೀಗ ಸದ್ದು ಮಾಡುವುದಿಲ್ಲ.

ಮಂಚ ಖಾಲಿ. ನೆಲಮಾಳಿಗೆಯ ಮೇಲೆಯೇ ಇದ್ದ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕಲ್ಲಿನ ಜಗುಲಿಯ ಮೇಲೆ ಅತ್ತೆ ಕಾಲು ಇಳಿಬಿಟ್ಟು ಕೂತಿದ್ದರು. ಹಣೆ ಕಿಟಕಿಯ ಸರಳಿಗೆ ಒತ್ತಿತ್ತು. ಬೀಗದಕ್ಕನಿಗೆ ಮೊದಲು ನೆನಪಾದದ್ದು ಬೀರುವಿನ ಕೀಲಿ. ಆದರೆ ಬೀರುವಿನ ಮೇಲಿನ ಧೂಳು ಯಾರೂ ಮುಟ್ಟದ ಹಾಗೆಯೇ ಇತ್ತು.

"ಎಷ್ಟು ದಿನದಿಂದ ಅತ್ತೆ?"

ಅತ್ತೆ ಬೆಚ್ಚಿದರು; ಆದರೆ ಹಣೆಯನ್ನು ಸರಳಿನಿಂದ ತೆಗೆಯಲಿಲ್ಲ. "ಅಂಗಡಿ ಬಿಟ್ಟು ಯಾಕೆ ಬಂದೆ? ಬಾ ಇಲ್ಲಿ, ನೋಡು. ಆ ಹಣ್ಣಿನವನು ನೀನು ಅತ್ತ ತಿರುಗಿದಾಗಲೆಲ್ಲ ತನ್ನ ಪೆಟ್ಟಿಗೆಯನ್ನ ನಿನ್ನ ಮೆಟ್ಟಿಲ ಕಡೆ ತಳ್ತಾನೆ. ಬೆರಳಷ್ಟೇ. ದಿನಾ ಬೆರಳಷ್ಟೇ."

ಬೀಗದಕ್ಕ ಬಗ್ಗಿ ನೋಡಿದಳು. ಎದುರಿನ ಮೂಲೆಯಲ್ಲಿ ಅವಳ ಅಂಗಡಿ. ಹಣ್ಣಿನ ಪೆಟ್ಟಿಗೆ ಅವಳ ಮೆಟ್ಟಿಲನ್ನು ಅರ್ಧ ನುಂಗಿತ್ತು. ಬೆಳಿಗ್ಗೆ ಸಂಜೆ ಅದನ್ನೇ ದಾಟುವ ಅವಳಿಗೆ ಇದು ಕಂಡಿರಲೇ ಇಲ್ಲ.

"ಮಾತು ತಿರುಗಿಸಬೇಡಿ. ನನ್ನ ಹೆಗಲ ಮೇಲೆ ಭಾರ ಬಿಟ್ಟು ನಡೆದ್ರಲ್ಲ, ಅದೆಲ್ಲ ನಾಟಕವಾ?"

ಅತ್ತೆ ಸರಳನ್ನು ಬಿಟ್ಟು ಇತ್ತ ತಿರುಗಿದರು. "ನಡೀತೀನಿ ಅಂದ್ರೆ ದೊಡ್ಡವನು ಬಂದು ಕರ್ಕೊಂಡು ಹೋಗ್ತಾನೆ. ಒಳ್ಳೆಯವನೇ, ದೂರೋ ಹಾಗಿಲ್ಲ. ಆದ್ರೆ ಅವನ ಮನೆ ಕಿಟಕಿಯಿಂದ ಕಾಣೋದು ಎದುರು ಕಟ್ಟಡದ ನೀರಿನ ಟ್ಯಾಂಕು. ಅದನ್ನೇ ನೋಡ್ತಾ ನೋಡ್ತಾ ನಾನೂ ಟ್ಯಾಂಕಾಗಿಬಿಟ್ಟಿದ್ದೆ." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಅವನಿಗೆ ಹೇಳ್ತೀಯಾ?"

ಬೀಗದಕ್ಕ ಸೀದಾ ಅಂಗಡಿಗೆ ನಡೆದಳು. ಮೋಸ ಹೋದ ಉರಿ ಎದೆಯಲ್ಲಿತ್ತು. ಅಂಗಡಿಯ ಮೆಟ್ಟಿಲಲ್ಲಿ ನಿಂತು ಪೆಟ್ಟಿಗೆಯನ್ನು ಕಾಲಿನಿಂದ ಹಿಂದಕ್ಕೆ ತಳ್ಳುವಾಗ ತಿರುಗಿ ನೋಡಿದಳು. ದೂರದ ಕಿಟಕಿಯಲ್ಲಿ ಒಂದು ಬೆಳ್ಳಗಿನ ತಲೆ. ಅಷ್ಟು ದಿನ ಆ ಕಡೆ ಅವಳು ತಲೆಯೆತ್ತಿಯೇ ನೋಡಿರಲಿಲ್ಲ.

ಭಾನುವಾರ ಭಾವ ಬಂದರು. ನೋಡಿಕೊಂಡು ಹೋಗಲು ಬಂದವರು, ಮಂಚದ ಪಕ್ಕ ಕೂತು ಅಮ್ಮನ ಕಾಲು ಒತ್ತುತ್ತಿದ್ದರು. ಅದೇ ಹೊತ್ತಿಗೆ ಸಂಶೋಧಕಿಯೂ ಬಾಗಿಲಿಗೆ ಬಂದಳು.

"ಅಕ್ಕ, ಗೆರೆ ಮತ್ತೆ ಇಳೀತಾ ಇದೆ. ನಿಮಗೇನಾದ್ರೂ ಗೊತ್ತಾಯ್ತಾ?"

ಅತ್ತೆ ಕಣ್ಣು ಮುಚ್ಚಿಕೊಂಡರು. ನಿದ್ದೆಯ ಕಣ್ಣಲ್ಲ ಅದು, ರೆಪ್ಪೆ ನಡುಗುತ್ತಿತ್ತು. ನಾನೇ ಹೋಗಿ ಕೂರುತ್ತೇನೆ ಎಂದು ಬೀಗದಕ್ಕ ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಇನ್ನೊಬ್ಬರು ನಂಬಿ ಅಳೆಯುತ್ತಿರುವ ಜಾಗದಲ್ಲಿ ಸುಳ್ಳು ಇಡುವುದು ಅವಳಿಗೆ ಕಳ್ಳಕೀಲಿ ಮಾಡಿಕೊಟ್ಟ ಹಾಗೆ.

"ನಮ್ಮತ್ತೆ," ಎಂದಳು. "ಮಧ್ಯಾಹ್ನ ಎದ್ದು ಹೋಗಿ ಮುಂದಿನ ಕೋಣೆಯ ಜಗುಲಿ ಮೇಲೆ ಕೂರ್ತಾರೆ."

ಭಾವನ ಕೈ ನಿಂತಿತು. "ಅಮ್ಮ ನಡೀತಾಳಾ? ಒಳ್ಳೇದಾಯ್ತಲ್ಲ! ಹಾಗಾದ್ರೆ ಇವತ್ತೇ..."

"ನಡೀತಾರೆ ಭಾವ. ಆದ್ರೆ ಬರಲ್ಲ. ಅಂಗಡಿ ಮುಂದೆ ಒಬ್ಬ ದಿನಾ ಬೆರಳಷ್ಟು ಜಾಗ ತಿಂತಿದ್ದಾನೆ. ನನಗೊಬ್ಬಳಿಗೆ ಎರಡೇ ಕಣ್ಣು. ಕಾಯೋರು ಬೇಕು. ಅವರನ್ನ ಬಿಟ್ಟು ಬೇರೆ ಯಾರನ್ನ ನಂಬಲಿ?"

ಭಾವ ಅಮ್ಮನ ಮುಖ ನೋಡಿದರು. ಅತ್ತೆ ಕಣ್ಣು ತೆರೆದು, ಯಾರ ಹೆಗಲನ್ನೂ ಹಿಡಿಯದೆ ಎದ್ದು ನಿಂತು, ಮುಂದಿನ ಕೋಣೆಗೆ ನಡೆದು, ಕಿಟಕಿಯ ಪಕ್ಕ ಕೂತರು. ಅದೇ ಅವರ ಉತ್ತರವಾಗಿತ್ತು. ಭಾವ ಅಮ್ಮನ ಹೊದಿಕೆಯನ್ನು ಮಡಿಚಿ ಮಂಚದ ಮೇಲೆಯೇ ಇಟ್ಟರು.

ಸಂಶೋಧಕಿ ಖುಷಿಯಿಂದ ಅವರ ಹಿಂದೆಯೇ ಹೋದಳು. "ಹಾಗಾದ್ರೆ ಯಂತ್ರ ಇಲ್ಲೇ ಇರಲಿ. ಅಜ್ಜಿಯ ಭಾರವನ್ನ ಲೆಕ್ಕದಿಂದ ಕಳೆದುಬಿಡ್ತೀನಿ. ಅಜ್ಜಿ, ನಿಮ್ಮ ತೂಕ ಎಷ್ಟು?"

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ ಪಿಸುಗುಟ್ಟಿದರು:

"ಇವಳಿಗೆ ಯಾಕಂತೆ ನನ್ನ ತೂಕ? ಮೊದಲು ಇವಳದು ಹೇಳಲಿ."