ಗುರಣ್ಣನ ಜೀಪಿನ ಮುಂದೆ ಒಡೆಯದ ಕಾಯಿ

ಮಹಾದೇವಪ್ಪನ ಹೆಸರು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಊರಿಗೆ ಹಿರಿಯ, ಹಣೆ ತುಂಬ ವಿಭೂತಿ, ಮಠದ ಕೆಲಸವೆಂದರೆ ಎಲ್ಲರಿಗಿಂತ ಮುಂದೆ. ಅಂಥವನು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂತು, ಗುರಣ್ಣನ ಜೀಪಿನಲ್ಲಿ ಸತ್ತವರು ನರಳುತ್ತಾರೆ ಎಂದು ಹೇಳಿದ. ಒಮ್ಮೆ ಅಲ್ಲ, ಬಂದವರಿಗೆಲ್ಲ ಹೇಳಿದ. ಆ ಒಂದು ಮಾತಿನಿಂದ ಒಬ್ಬ ಒಳ್ಳೆಯ ಮನುಷ್ಯ ತಲೆ ಎತ್ತಿ ಓಣಿಯಲ್ಲಿ ನಡೆಯದ ಹಾಗಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು, ಉಮರ್ಗಾದ ಹೆದ್ದಾರಿ ಬದಿಗೆ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡವನು. ಬರವಣಿಗೆ ಸೊಟ್ಟಗಿದ್ದೀತು, ಮಾತು ಸೊಟ್ಟಗಿಲ್ಲ.

ಗುರಣ್ಣನದೂ ನನ್ನದೂ ಒಂದೇ ಊರು, ಕಾಸಾರಶಿರಸಿಯ ಸಂತೆಗೆ ಹೋಗುವ ಮಂದಿ ನಾವು. ಹೊಲಕ್ಕೆ ಹೊಲ ಹತ್ತಿದೆ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹೂ ಕಟ್ಟಿದ ವಿಮಾನದಲ್ಲಿ ಕೂಡಿಸಿ, ಮುಂದೆ ಭಜನೆ ಹಾಡುತ್ತ, ಅವರವರ ಹೊಲಕ್ಕೇ ಒಯ್ದು ಮಣ್ಣು ಕೊಡುತ್ತೇವೆ. ಗುರಣ್ಣನ ಅಪ್ಪ ತೀರಿಕೊಂಡಿದ್ದು ಶ್ರಾವಣದ ಮಳೆಯಲ್ಲಿ. ಎರೆ ಮಣ್ಣು ಅಂದರೆ ಹೇಳಬೇಕೇ? ಚಕ್ಕಡಿ ಅಚ್ಚಿನ ತನಕ ಹೂತು ವಾಲಿತು, ವಿಮಾನ ಮಗುಚಿತು. ಮುದುಕ ಮುಖ ಅಡಿಯಾಗಿ ಕೆಸರಿಗೆ ಬಿದ್ದ. ಗುರಣ್ಣ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಪೂಜೆಗೆ ತಂದ ಕೊಡದ ನೀರಿನಿಂದ ಅಪ್ಪನ ಕಣ್ಣು, ಮೂಗು, ಮೀಸೆ ತೊಳೆದ.

ಮುಂದೆ ಕೆಲವು ವರ್ಷ ಕಳೆದ ಮೇಲೆ ನಿಲಂಗಾದ ಹರಾಜಿನಲ್ಲಿ ಒಂದು ಹಳೆಯ ಜೀಪು ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ನಾಲ್ಕೂ ಗಾಲಿ ಎಳೆಯುವಂಥದು.

"ಕಲ್ಯಾಣಪ್ಪ, ಇದನ್ನ ಎತ್ತರ ಮಾಡಿ ಕೊಡು."

"ಎಷ್ಟ ಎತ್ತರೋ? ಏನ್ ಮದಿವಿ ಮೆರವಣಿಗಿಗಿ ಹಚ್ಚಾಂವ ಇದ್ದಿ?"

"ಎರಿ ಹೊಲದಾಗ ಹೊಟ್ಟಿ ನೆಲಕ್ಕ ಹತ್ತಬಾರ್ದು, ಅಷ್ಟ. ಮದಿವಿಗಲ್ಲ. ಕಡೀ ಮೆರವಣಿಗಿಗಿ."

ಗಾಡಿಯ ಭಾರ ಹೊರುವ ಪಾಟಾ ಸ್ಪ್ರಿಂಗಿನ ಕೊಂಡಿಗಳನ್ನು ಉದ್ದ ಮಾಡಿ ಹೊಸದಾಗಿ ಕೂಡಿಸಿಕೊಟ್ಟೆ. ದೊಡ್ಡ ಟಾಯರು ಹಾಕಿದ. ಅವತ್ತಿನಿಂದ ಊರಲ್ಲಿ ಯಾರೇ ಹೋದರೂ ವಿಮಾನ ಗುರಣ್ಣನ ಜೀಪಿನ ಮೇಲೆ. ಎಂಥ ಮಳೆಯಿದ್ದರೂ ಮಣ್ಣು ಕೊಡುವ ಕುಣಿಯ ಅಂಚಿಗೆ ಒಯ್ದು ನಿಲ್ಲಿಸುತ್ತಿದ್ದ. ಯಾರಿಂದಲೂ ಒಂದು ಪೈಸೆ ಮುಟ್ಟಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಆ ಮನೆಯವರು ಜೀಪು ತೊಳೆದು ಅದರ ಮುಂದೆ ಒಂದು ಕಾಯಿ ಒಡೆಯಬೇಕು, ಅದೇ ರೂಢಿಯಾಯಿತು. ಅದೊಂದೇ ಅವನು ಕೇಳುತ್ತಿದ್ದುದು. ಇದೇ ಮಹಾದೇವಪ್ಪ ಆಗ ಅವನ ಬೆನ್ನು ತಟ್ಟಿದ್ದ, ನಾನೇ ಕಂಡಿದ್ದೇನೆ.

ಆಮೇಲೆ ಆವಾಜು ಶುರುವಾಯಿತು.

ಮೊದಲಿನದು ರಸ್ತೆಯ ಆವಾಜು. ಓಟ ಹೆಚ್ಚಿಸಿದ ಕೂಡಲೇ ಕೆಳಗಿನಿಂದ ಗುಂಯ್ ಅನ್ನುತ್ತಿತ್ತು. ಉದಗೀರದ ಅಮರನಾಥ ಒಳ್ಳೆಯ ಮಿಸ್ತ್ರಿ. ಗಾಡಿಯ ಅಡಿಗೆ ಹೊಕ್ಕು ನೋಡಿ, ಎತ್ತರ ಮಾಡಿದ್ದರಿಂದ ಗಾಲಿಗೆ ತಿರುಗು ಕೊಡುವ ಉದ್ದ ಶಾಫ್ಟ್ ಓರೆಯಾಗಿದೆ, ಅದರ ಕೀಲಿನೊಳಗಿನ ಕ್ರಾಸ್ ಎಂಬ ಕಬ್ಬಿಣ ಸವೆದುಹೋಗಿದೆ ಎಂದ. ಕ್ರಾಸ್ ಬದಲಿಸಿದ. ಪಾಟಾದ ಕೆಳಗೆ ಕಬ್ಬಿಣದ ಬೆಣೆ ಕೊಟ್ಟು ಹಿಂದಿನ ಗಾಲಿಗಳ ನಡುವಿನ ಹೌಸಿಂಗಿನ ಮೂತಿಯನ್ನು ಮೇಲಕ್ಕೆ ತಿರುಗಿಸಿ ಶಾಫ್ಟಿನ ಓರೆ ತೆಗೆದ. ಆ ಗುಂಯ್ ಅಲ್ಲಿಗೆ ಸತ್ತಿತು.

ಎರಡನೆಯದು ಬೇರೆ. ಅದು ಬರುತ್ತಿದ್ದುದು ವಿಮಾನ ಕಟ್ಟಿದಾಗ ಮಾತ್ರ. ಖಾಲಿ ಗಾಡಿ ಉದಗೀರಕ್ಕೆ ಹೋಗಿ ಬಂದರೂ ಸುಮ್ಮನಿರುತ್ತಿತ್ತು. ಹೆಣ ಕೂಡಿಸಿ, ಭಜನೆ ಎದ್ದು, ಗೌಡರ ಓಣಿಯ ತಿರುವಿಗೆ ಬಂದರೆ ಸಾಕು, ಒಳಗಿನಿಂದ ಮುದುಕರು ನರಳಿದ ಹಾಗೆ ಒಂದು ದನಿ. ಹಿಂದೆಯೇ ಧಡ್ ಅಂತ ಒಂದು ಪೆಟ್ಟು, ವಿಮಾನವೆಲ್ಲ ನಡುಗುತ್ತಿತ್ತು. ಹೆಂಗಸರು ಕೂಸುಗಳನ್ನು ಎಳೆದುಕೊಂಡು ಒಳಗೆ ಓಡುತ್ತಿದ್ದರು. ಅಮರನಾಥ ಬೇರಿಂಗ್ ಬಿಚ್ಚಿದ, ಹಬ್ ಬಿಚ್ಚಿದ. ಕಡೆಗೆ ಕೈ ಒರೆಸಿಕೊಂಡು, "ಗುರಣ್ಣಾ, ನನ್ನ ಕಡಿ ತಂದಾಗ ಆವಾಜ ಬರಂಗಿಲ್ಲ. ಬರಲಾರದ ಆವಾಜ ನಾ ಎಲ್ಲಿಂದ ಹಿಡೀಲಿ?" ಎಂದ. ಅವನದೇನು ತಪ್ಪು?

ಮಹಾದೇವಪ್ಪನಿಗೆ ಅಷ್ಟೇ ಬೇಕಾಗಿತ್ತು. ಸತ್ತವರಿಗೆ ಆ ಗಾಡಿ ಒಗ್ಗುವುದಿಲ್ಲ, ನರಳಿದ ಮೇಲೆ ಊರಲ್ಲಿ ಇನ್ನೊಂದು ಹೆಣ ಬೀಳುತ್ತದೆ ಎಂದು ಹಬ್ಬಿಸಿದ. ಮುದುಕರಿರುವ ಊರಲ್ಲಿ ಇನ್ನೊಂದು ಬೀಳದೆ ಇರುತ್ತದೆಯೇ? ಮುಂದಿನ ಸಾವಿಗೆ ಗುರಣ್ಣನನ್ನು ಕರೆಯಲಿಲ್ಲ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಒಯ್ದರು, ಸೋಯಾ ಹೊಲದ ದಡದಲ್ಲೇ ಅದು ಹೂತಿತು. ಮೊಣಕಾಲುದ್ದ ಕೆಸರಿನಲ್ಲಿ ಬೀಳುತ್ತ ಏಳುತ್ತ ವಿಮಾನ ಹೊತ್ತರು. ಗುರಣ್ಣ ತನ್ನ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಜೀಪಿನ ಕೀಲಿ ಅವನ ಕೈಯಲ್ಲೇ ಇತ್ತು. ಯಾರೂ ಅವನ ಕಡೆ ಹೊರಳಿ ನೋಡಲಿಲ್ಲ.

ಮರುದಿನ ನಾನು ನೇರ ಗುಡಿಯ ಕಟ್ಟೆಗೆ ಹೋದೆ.

"ಏನ್ರೀ ಕಾಕಾ, ಕಬ್ಬಿಣಕ್ಕೂ ದೆವ್ವ ಹಿಡಿತದೇನು?"

"ಕಲ್ಯಾಣ್ಯಾ, ಸಾವಕಾಶ ಮಾತಾಡು. ನೀನೂ ಕೇಳೀದಿ ಅದರ ನರಳಾಟ."

"ನಿಮ್ಮ ಮನಿ ಗಿರಣೀನೂ ನರಳ್ತದ. ಅದರಾಗ ಯಾರ ಹೆಣ ಅದ?"

ಕಟ್ಟೆಯ ಮೇಲಿದ್ದವರು ನಕ್ಕುಬಿಟ್ಟರು. ಮಹಾದೇವಪ್ಪನ ಮುಖ ಕೆಂಪಾಯಿತು.

"ಹಂಗಾದ್ರ ತೋರ್ಸು! ಅದು ಬರೇ ಕಬ್ಬಿಣದ ಆವಾಜ ಅಂತ ಊರ ಮುಂದ ತೋರ್ಸು. ನಾನಽ ಗುರ‍್ಯಾನ ಅಂಗಳಕ್ಕ ಬಂದು, ಗಾಡಿ ಮುಂದ ಕಾಯಿ ಒಡದು, ತಪ್ಪಾತು ಅಂತೀನಿ. ಬಸವಣ್ಣನ ಆಣಿ."

ಅವನ ಬಾಯಿಂದ ಬಂದ ಮಾತು ಅದು. ಕೇಳಿದವರು ಇನ್ನೂ ಬದುಕಿದ್ದಾರೆ.

ಗುರಣ್ಣನ ಮನೆಗೆ ಹೋಗಿ, "ಏಳು, ವಿಮಾನ ಕಟ್ಟು" ಎಂದೆ. "ಯಾರನ್ನ ಕೂಡಸ್ತೀಯೋ?" ಎಂದ. "ನನ್ನ!" ಎಂದೆ. ಅವನ ಹೆಂಡತಿ ಅನುಸೂಯಾಬಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಣ್ಣಾ, ಬಿಡ್ತು ಅನ್ರಿ! ಜೀವಂತ ಇದ್ದಾವ್ರು ಅದರಾಗ ಕೂಡ್ತಾರೇನ್ರೀ?" ಆದರೆ ಹೆಣವಿದ್ದಾಗ ಮಾತ್ರ ಬರುವ ಆವಾಜನ್ನು ಹಿಡಿಯಬೇಕಾದರೆ ಹೆಣದ ಮೆರವಣಿಗೆಯನ್ನೇ ಮಾಡಬೇಕು, ಬೇರೆ ದಾರಿ ಏನಿತ್ತು? ಕೂತೆ. ಕೈಯಲ್ಲಿ ತಾಳ ಹಿಡಿದು ನಾನೇ ಬಡಿದೆ. ಗುರಣ್ಣ ಎಂದಿನಂತೆ ಇರುವೆಯ ನಡಿಗೆಯಲ್ಲಿ ಗಾಡಿ ಬಿಟ್ಟ. ನಡು ಮಧ್ಯಾಹ್ನ, ಊರೆಲ್ಲ ಬಾಗಿಲಿಗೆ ಬಂತು, ಮಹಾದೇವಪ್ಪನೂ ಕಟ್ಟೆ ಇಳಿದು ಹಿಂದೆ ಬಂದ. ಗೌಡರ ಓಣಿಯ ತಿರುವಿನಲ್ಲಿ ಅದೇ ನರಳಾಟ, ಅದೇ ಧಡ್.

"ನಿಲ್ಸು!" ಎಂದು ಒದರಿದೆ. "ನಾ ಇನ್ನೂ ಸತ್ತಿಲ್ಲ. ಹಂಗಾರ ನರಳಿದಾಂವ ಯಾಂವ?"

ಇಳಿದು ಒಳಗೆ ಇಣುಕಿದೆ. ಗುರಣ್ಣನ ಕಾಲ ಬಳಿ, ನಾಲ್ಕೂ ಗಾಲಿಗೆ ಎಳೆತ ಕೊಡುವ ಸಣ್ಣ ಲಿವರ್ ಎಳೆದಿತ್ತು.

"ನಾಕೂ ಗಾಲಿ ಇಲ್ಲೇ ಯಾಕ ಕೂಡ್ಸೀದಿ? ಇಲ್ಲೇನ್ ಕೆಸರದ?"

"ಇದು ಎಳದ್ರಽ ಗಾಡಿ ಇಷ್ಟ ಸಾವಕಾಶ ಹೋಗ್ತದಪಾ. ಇಲ್ಲಾಂದ್ರ ಭಜನಿ ಮಂದಿ ಕಾಲ ತುಳೀತದ. ಮನಿಯಿಂದ ಕುಣಿತನಾ ಹಿಂಗಽ ಹೊಡಿತೀನಿ, ಮೊದಲಿಂದನೂ."

ಆಗ ನನ್ನ ತಲೆಗೆ ಹೊಳೆಯಿತು. ಮೊದಲು ಓಣಿಯಲ್ಲಿ ಮಣ್ಣಿತ್ತು, ಈಗ ಸಿಮೆಂಟ್ ಬಿದ್ದಿದೆ. ಆ ಲಿವರ್ ಎಳೆದರೆ ಮುಂದಿನ ಗಾಲಿ, ಹಿಂದಿನ ಗಾಲಿ ಒಂದಕ್ಕೊಂದು ಬಿಗಿಯಾಗುತ್ತವೆ. ತಿರುವಿನಲ್ಲಿ ಮುಂದಿನವು ಹೆಚ್ಚು ದೂರ ಹೋಗಬೇಕು, ಹಿಂದಿನವು ಕಡಿಮೆ. ಮಣ್ಣಿನಲ್ಲಿ ಜಾರಿ ಹೊಂದಿಕೊಳ್ಳುತ್ತವೆ, ಸಿಮೆಂಟಿನ ಮೇಲೆ ಎಲ್ಲಿ ಜಾರಬೇಕು? ಒಳಗಿನ ಶಾಫ್ಟ್ ಒದ್ದೆ ಧೋತರ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ನರಳುತ್ತದೆ. ತಡೆಯದಾದಾಗ ಒಂದು ಗಾಲಿ ಸಿಡಿದು ಜಾರುತ್ತದೆ. ಅದೇ ಧಡ್.

ಖಾಲಿ ಗಾಡಿಗೆ ಲಿವರ್ ಎಳೆಯುವುದಿಲ್ಲ, ಅದಕ್ಕೇ ಉದಗೀರದಲ್ಲಿ ಅದು ಸುಮ್ಮನಿತ್ತು. ಜ್ಯಾಕ್ ತಂದು ಮುಂದಿನ ಒಂದು ಗಾಲಿ ಎತ್ತಿದೆ. ನೆಲ ಬಿಟ್ಟಿದ್ದೇ ತಡ, ಯಾರೂ ಮುಟ್ಟದ ಗಾಲಿ ಸರ್ರನೆ ತಾನೇ ತಿರುಗಿ ನಿಂತಿತು. ಒಳಗೆ ಕೂಡಿದ್ದ ತಿರುಚು ಬಿಚ್ಚಿಕೊಂಡಿತ್ತು. ನನಗೋ ಆನಂದ. ಮಹಾದೇವಪ್ಪ ಹಿಂದೆ ಸರಿದು, "ನೋಡ್ರ್ಯೋ! ತಾನಽ ತಿರಗ್ತು! ಇನ್ನ ಏನ್ ಬೇಕು?" ಎಂದು ಕೈ ಮುಗಿದ. ಮಂದಿಯೂ ಹಿಂದೆ ಸರಿಯಿತು. ಆ ಜ್ಯಾಕಿನ ಹಿಡಿಕೆಯಿಂದಲೇ ಅವನ ತಲೆಗೆ ಒಂದು ಕೊಡಬೇಕು ಅನ್ನಿಸಿತು.

ಗುರಣ್ಣ ನನ್ನ ರಟ್ಟೆ ಹಿಡಿದು, "ಒದರಬ್ಯಾಡ. ಕೂಡು" ಎಂದ. ಲಿವರ್ ಬಿಟ್ಟು ಅದೇ ತಿರುವಿನಲ್ಲಿ ನನ್ನನ್ನು ಮತ್ತೆ ಸುತ್ತಿಸಿದ. ಆವಾಜಿಲ್ಲ. ಲಿವರ್ ಎಳೆದು ಸುತ್ತಿಸಿದ. ನರಳಿತು. ಆಮೇಲೆ ಹಳ್ಳದ ದಾರಿಯ ಕೆಸರಿಗೆ ಇಳಿಸಿ ಲಿವರ್ ಎಳೆದೇ ಹೊರಳಿಸಿದ. ಆವಾಜಿಲ್ಲ. ಎಲ್ಲರೂ ಹಿಂದೆ ಹಿಂದೆ ಬಂದು ನೋಡಿದರು. ಮಹಾದೇವಪ್ಪ ಗಂಟಲು ಕೆರೆದುಕೊಂಡು, "ಆತು ಬಿಡು. ಸೋಮವಾರ ಬರ್ತೀನಿ" ಎಂದ. ಸೋಮವಾರ ಅನುಸೂಯಾಬಾಯಿ ಅಂಗಳ ಸಾರಿಸಿ ರಂಗೋಲಿ ಹಾಕಿದಳು. ಗುರಣ್ಣ ಜೀಪು ತೊಳೆದು ಕಾದ. ಮಹಾದೇವಪ್ಪ ಬರಲಿಲ್ಲ. ಹಿರಿಯನೇ ಬಾರದ ಮೇಲೆ ಮಂದಿಯೂ ಅನುಮಾನಿಸಿತು. ಜೀಪು ಬೇವಿನ ಮರದ ಕೆಳಗೇ ನಿಂತಿತು.

ಆ ಮಳೆಗಾಲದಲ್ಲೇ ಮಹಾದೇವಪ್ಪನ ತಾಯಿ ಪ್ರಯಾಗಬಾಯಿ ತೀರಿಕೊಂಡಳು. ಮಳೆ ಹಿಡಿದಿತ್ತು, ಅವರ ಹೊಲ ಊರಿಗೆಲ್ಲ ತಗ್ಗಿನದು. ಮಹಾದೇವಪ್ಪ ತಲೆಯ ಮೇಲೆ ಕಂಬಳಿಯ ಗೊಂಗಡಿ ಹಾಕಿಕೊಂಡು ಗುರಣ್ಣನ ಬಾಗಿಲಿಗೆ ಬಂದು ನಿಂತ. ನಾನು ಅಲ್ಲೇ ಇದ್ದೆ.

"ಗುರಣ್ಣಾ, ಅವ್ವ..." ಎಂದ.

"ಕಾಯಿ ಎಲ್ಲಿ ಅದ್ರಿ ಕಾಕಾ?" ಎಂದು ನಾನು ಎದ್ದೆ. "ಮೊದಲ ಕಾಯಿ!"

"ಸುಮ್ಮನಿರೋ" ಎಂದ ಗುರಣ್ಣ. ಕೀಲಿ ಆಗಲೇ ತೆಗೆದುಕೊಂಡಿದ್ದ. "ಆ ಮುದುಕಿ ನನಗೇನ್ ಅಂದಾಳ? ಕೆಸರಾಗ ಕೆಡವಲೇನು ಆಕೀನ?" ಮಹಾದೇವಪ್ಪನ ಕಡೆ ತಿರುಗಿ, "ಹಗ್ಗ ತರ್ರಿ, ದಪ್ಪಂದು" ಎಂದ.

ಸಿಮೆಂಟಿನ ಮೇಲೆ ಲಿವರ್ ಎಳೆಯುವ ಹಾಗಿಲ್ಲ. ಎಳೆಯದಿದ್ದರೆ ಭಜನೆಯ ನಡಿಗೆಗೆ ಕ್ಲಚ್ ಸುಡುತ್ತದೆ. ಅದಕ್ಕೆ ಗುರಣ್ಣ ಇಂಜಿನ್ನನ್ನೇ ಬಂದ್ ಮಾಡಿದ. ಗಾಡಿ ನ್ಯೂಟ್ರಲ್, ಕೈ ಸ್ಟೇರಿಂಗ್ ಮೇಲೆ, ಕಾಲು ಬ್ರೇಕಿನ ಮೇಲೆ. ಮುಂದೆ ಹಗ್ಗ ಕಟ್ಟಿ ಗಂಡಸರು ಎಳೆದರು, ಎಲ್ಲರಿಗಿಂತ ಮುಂದೆ ಮಹಾದೇವಪ್ಪ. ಗೌಡರ ಓಣಿಯ ತಿರುವಿನಲ್ಲಿ ತಾಳದ ಸದ್ದು, ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಸಿಮೆಂಟ್ ಮುಗಿದಲ್ಲಿ ಹಗ್ಗ ಬಿಚ್ಚಿದರು. ಗುರಣ್ಣ ಇಂಜಿನ್ ಚಾಲೂ ಮಾಡಿ, ಲಿವರ್ ಎಳೆದು, ಎರೆಯ ಕೆಸರಿಗೆ ಇಳಿಸಿದ. ಮುದುಕಿ ವಿಮಾನದಲ್ಲಿ ನೆಟ್ಟಗೆ ಕೂತು, ಹಣೆಯ ವಿಭೂತಿ ಕೆಡದ ಹಾಗೆ, ತನ್ನ ಹೊಲ ಮುಟ್ಟಿದಳು. ಪೂಜೆಗೆ ಬಂದ ಗುರುಸಿದ್ಧಯ್ಯಸ್ವಾಮಿ ಕುಣಿಯ ಪಕ್ಕದಿಂದ ತಲೆ ಎತ್ತಿ, "ಏನಪಾ, ಇಷ್ಟ ಲಗೂ ಬಂದ್ರಿ?" ಎಂದ.

ಅವತ್ತಿನಿಂದ ಮತ್ತೆ ಎಲ್ಲರೂ ಗುರಣ್ಣನನ್ನೇ ಕರೆಯುತ್ತಾರೆ. ಲೋಹಾರಾ ಕಡೆಯಿಂದಲೂ ಕೇಳಿಕೊಂಡು ಬರುತ್ತಾರೆ. ಪ್ರತಿ ಮನೆಯವರೂ ಮಣ್ಣು ಮುಗಿಸಿ ಬಂದು ಕಾಯಿ ಒಡೆಯುತ್ತಾರೆ. ಮಹಾದೇವಪ್ಪ ಮಾತ್ರ ಒಡೆಯಲಿಲ್ಲ, ಆಣೆಯಿಟ್ಟದ್ದನ್ನೂ ಇಲ್ಲ, ತಾಯಿಯದನ್ನೂ ಇಲ್ಲ. ಹಗ್ಗ ಎಳೆದೆನಲ್ಲ, ಅದರಲ್ಲೇ ಎಲ್ಲ ಬಂತು ಎಂದು ಮಂದಿಯ ಮುಂದೆ ಹೇಳಿಕೊಂಡು ತಿರುಗುತ್ತಾನಂತೆ.

ಹೇಗೆ ಬರುತ್ತದೆ? ಹಗ್ಗ ಎಳೆದದ್ದು ನಿನ್ನ ತಾಯಿಗಾಗಿ. ಗುರಣ್ಣನಿಗೆ ಏನು ಕೊಟ್ಟೆ?

ಗುರಣ್ಣ ಕೇಳುವವನಲ್ಲ. ಸೋಮವಾರ ಬಂದರೆ ಈಗಲೂ ಜೀಪು ತೊಳೆಯುತ್ತಾನೆ. ಯಾಕೋ ಎಂದರೆ, "ಧೂಳ ಕೂಡ್ತದ" ಅನ್ನುತ್ತಾನೆ. ನಾನು ಬಿಡುವವನಲ್ಲ. ಕಾಸಾರಶಿರಸಿಯ ಸಂತೆಯಲ್ಲಿ ಮಹಾದೇವಪ್ಪ ಕಂಡರೆ ಕಾಯಿ ಮಾರುವವನ ಮುಂದೆ ನಿಂತು ಗಟ್ಟಿಯಾಗಿ ಕೂಗುತ್ತೇನೆ, "ಕಾಕಾ, ಎರಡ ಕಾಯಿ ಕಟ್ಟಸಲೇನ್ರೀ?" ಅವನು ಬಟ್ಟೆ ಅಂಗಡಿಗೆ ಹೊಕ್ಕುಬಿಡುತ್ತಾನೆ.